ತೊಂಬತ್ತನೆಯ ಕೋಲು

“ಆ ಕಲ್ಲಿಗೆ ಹಾರೆ ಹಾಕಬೇಡ ವಿನ್ನಿ. ನಮ್ಮ ತಾತನೇ ಅದನ್ನ ಮುಟ್ಟೋ ಧೈರ್ಯ ಮಾಡಿರಲಿಲ್ಲ.”

“ನಿಮ್ಮ ತಾತ ಪೊಲೀಸಿನಲ್ಲಿರಲಿಲ್ಲ ಓಬೆಡ್ ಮಾವ. ಸ್ವಲ್ಪ ಆ ಕಡೆ ನಿಲ್ಲಿ, ಕಾಲ ಮೇಲೆ ಬಿದ್ದೀತು.”

ಸಾರ್ಜೆಂಟ್ ವಿನಿಫ್ರೆಡ್ ಹ್ಯೂಸ್ ಹಾರೆಯ ತುದಿಯನ್ನು ಗಡಿಕಲ್ಲಿನ ಬುಡಕ್ಕೆ ತೂರಿಸಿ ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟಳು. ಎರಡು ಕೊಬ್ಬಿದ ಕುರಿಗಳಷ್ಟು ತೂಕದ ಕಲ್ಲು. ಮೊದಲು ಮಿಸುಕಲಿಲ್ಲ. ಎರಡನೆಯ ಸಲ ನಿಟ್ಟುಸಿರಿಟ್ಟಿತು. ಮೂರನೆಯ ಸಲಕ್ಕೆ ಹುಲ್ಲುಬೇರುಗಳು ಪಟಪಟನೆ ಹರಿದು, ಕಲ್ಲು ಮಗ್ಗುಲಾಗಿ ಕಡಲಕಟ್ಟೆಯ ಮೇಲೆ ಒರಗಿತು.

ಓಬೆಡ್ ಮಸೆಟ್ ಟೋಪಿ ತೆಗೆದ. ಎಪ್ಪತ್ತು ದಾಟಿದ ಕಟ್ಟೆಗಾರ. ಈ ಮಣ್ಣಿನ ಏರಿಯನ್ನು ಕಾಯುವುದೇ ಅವನ ಮನೆತನದ ಕೆಲಸ. ಕಟ್ಟೆಯ ಹೊರಗೆ ಉಪ್ಪುಜೌಗು, ಅದರಾಚೆ ಕಡಲು. ಒಳಗೆ ಕುರಿ ಮೇಯುವ ಹಸಿರು, ಸಿಹಿನೀರಿನ ಒಳಗಾಲುವೆ, ರೆನ್‌ಹೈತ್‌ನ ಮೂವತ್ತು ಮನೆ. ಸಾವು ಬದುಕುಗಳ ನಡುವೆ ಇರುವುದು ಈ ಹನ್ನೊಂದು ಅಡಿ ಎತ್ತರದ ಮಣ್ಣು ಮಾತ್ರ.

ವಿನಿಫ್ರೆಡ್ ಮೊಣಕಾಲೂರಿ ಗುಂಡಿಯೊಳಗೆ ಕೈಯಾಡಿಸಿದಳು. ಒದ್ದೆ ಮಣ್ಣು, ಎರೆಹುಳ. ಆಮೇಲೆ ಬೆರಳಿಗೆ ಏನೋ ತಗಡಿನಂಥದ್ದು ಸಿಕ್ಕಿತು. ಅದನ್ನು ಎತ್ತಿ ಕೋಟಿನ ತೋಳಿಗೇ ಒರೆಸಿದಳು.

ಮಿಠಾಯಿ ಡಬ್ಬಿಯ ಮುಚ್ಚಳ. ತುಕ್ಕು ಅರ್ಧ ತಿಂದಿತ್ತು. ಉಳಿದರ್ಧದ ಮೇಲೆ ಕಿರೀಟದ ಚಿತ್ರ, ಕೆಳಗೆ ಅಕ್ಷರ: ಪಟ್ಟಾಭಿಷೇಕದ ನೆನಪಿಗೆ, ಜೂನ್ 1953.

“ಓದಿ ಮಾವ.”

“ಕನ್ನಡಕ ತಂದಿಲ್ಲ.”

“ಮೂಗಿನ ಮೇಲೇ ಇದೆ.”

ಮುದುಕ ಓದಿದ. ಮುಚ್ಚಳವನ್ನು ತಿರುಗಿಸಿ ಮತ್ತೊಮ್ಮೆ ಓದಿದ.

“ಸಾವಿರದ ಏಳುನೂರ ಹನ್ನೆರಡರಲ್ಲಿ ನೆಟ್ಟ ಕಲ್ಲು ಅಂತ ವಿಚಾರಣೆಯಲ್ಲಿ ಬೈಬಲ್ ಮುಟ್ಟಿ ಹೇಳಿದ್ರಿ,” ಅಂದಳು ವಿನಿಫ್ರೆಡ್. ದನಿಯಲ್ಲಿ ಸಿಟ್ಟಿರಲಿಲ್ಲ. “ಇನ್ನೂರ ನಲವತ್ತು ವರ್ಷ ಹಳೇ ಕಲ್ಲಿನ ಅಡಿಗೆ ಐದು ವರ್ಷದ ಹಿಂದಿನ ಮಿಠಾಯಿ ಮುಚ್ಚಳ ಹೇಗೆ ಹೋಯ್ತು? ಹೆಗ್ಗಣ ಹೊತ್ಕೊಂಡು ಹೋಯ್ತಾ?”

ಐದು ವರ್ಷದ ಹಿಂದೆ, ಜನವರಿಯ ಕೊನೆಯ ದಿನ, ಕಡಲು ಈ ಕಟ್ಟೆಯನ್ನು ಇಲ್ಲೇ ಸೀಳಿತ್ತು. ಏಳು ಜನ ಹೋದರು. ಅವರಲ್ಲಿ ಒಬ್ಬಳು ಓಬೆಡ್‌ನ ತಂಗಿ. ಇಲ್ಲಿ ಪ್ರತಿಯೊಂದು ಮನೆತನಕ್ಕೂ ಕಟ್ಟೆಯ ಒಂದು ಪಾಲು, ಅದನ್ನು ಕಾಯುವ ಹೊಣೆ ಆ ಮನೆಯದು. ಗಡಿಕಲ್ಲನ್ನು ನೋಡಿ, ಒಡೆದದ್ದು ಕಡ್ಮೋರ್ ಮನೆಯವರ ಪಾಲು ಎಂದು ವಿಚಾರಣೆ ತೀರ್ಮಾನಿಸಿತು. ಅವತ್ತಿನಿಂದ ಆ ಮನೆಯ ವಿಧವೆ ಡಾರ್ಕಸ್‌ಳ ಜೊತೆ ಯಾರೂ ಮಾತಾಡಿಲ್ಲ.

“ಮುಟ್ಟಿದ ಬೈಬಲ್ ನನ್ನನ್ನ ಸುಡಲಿ,” ಓಬೆಡ್ ಕಟ್ಟೆಯ ಮೇಲೆಯೇ ಕುಸಿದು ಕೂತ. “ನಾನು ಅಕ್ಟೋಬರಿನವರೆಗೂ ಆಸ್ಪತ್ರೇಲಿದ್ದೆ ಮಗಳೇ. ಪುಪ್ಪುಸದಲ್ಲಿ ಕಡಲೇ ತುಂಬಿತ್ತು. ಊರವರೆಲ್ಲ ಆಗಸ್ಟ್‌ವರೆಗೂ ಪಟ್ಟಣದ ಶಾಲೇಲಿ ಮಲಗ್ತಿದ್ರು. ವಾಪಸ್ ಬಂದಾಗ ಕಲ್ಲು ಇಲ್ಲಿತ್ತು. ಸ್ವಲ್ಪ ದೂರ ಬಂತೇನೋ ಅನ್ನಿಸ್ತು. ಆದರೆ ಕಟ್ಟೆಯೇ ಕಿತ್ತುಹೋಗಿತ್ತು, ದಾರಿ ಕಿತ್ತುಹೋಗಿತ್ತು, ಗುರುತು ಹಿಡಿಯೋಕೆ ಒಂದು ಮರ ಉಳಿದಿರಲಿಲ್ಲ. ಕಟ್ಟೆಸಭೆ ಅಧ್ಯಕ್ಷರು, ದೊಡ್ಮನೆ ಮೇಜರ್, ಅಂದ್ರು, ‘ಓಬೆಡ್, ಕಲ್ಲು ಎಲ್ಲಿತ್ತೋ ಅಲ್ಲೇ ಇದೆ ತಾನೆ?’ ನಾನು ಹೂಂ ಅಂದೆ. ತಂಗಿ ಸತ್ತಿದ್ಲು. ಯಾರನ್ನಾದ್ರೂ ಬೈಬೇಕಿತ್ತು ನನಗೆ.”

ವಿನಿಫ್ರೆಡ್ ಮುಚ್ಚಳವನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು.

ಇದೇ ಕಟ್ಟೆಯ ಹೊರಮಗ್ಗುಲಲ್ಲಿ, ಒಂಬತ್ತು ದಿನದ ಹಿಂದೆ, ಪಾಸ್ಕ್ ಮೇಷ್ಟ್ರ ಹೆಣ ಸಿಕ್ಕಿತ್ತು. ಊರಿಗೆಲ್ಲ ಅಕ್ಷರ ಕಲಿಸಿದ, ನಿವೃತ್ತಿಯಾದ ಮೇಲೆ ಊರಿನ ಚರಿತ್ರೆ ಬರೆಯಲು ಕೂತಿದ್ದ ಮನುಷ್ಯ. ಕಡಲಿನ ಉಬ್ಬರಕ್ಕೆ ಸಿಕ್ಕಿ ಸತ್ತ ಎಂದಿತು ಊರು. ಹಾಗೆಂದು ಬರೆದು ಮುಗಿಸು ಎಂದ ಅವಳ ಇನ್‌ಸ್ಪೆಕ್ಟರ್. ಆದರೆ ಹೆಣ ಕೊಯ್ದ ವೈದ್ಯ ಮೇಷ್ಟ್ರ ಗಂಟಲಿನಿಂದ ಎಳ್ಳಿನಷ್ಟು ಪುಟ್ಟ ಹಸಿರೆಲೆಗಳನ್ನು ತೆಗೆದಿದ್ದ. ನಿಂತ ಸಿಹಿನೀರಿನ ಮೇಲೆ ಚಾಪೆಯಂತೆ ಹಾಸಿಕೊಳ್ಳುವ ಎಲೆ. ಕಡಲಿನಲ್ಲಿ ಅದು ಒಂದು ಗಂಟೆಯೂ ಬದುಕದು.

ಜೌಗಿನಲ್ಲಿ ಹುಟ್ಟಿದವಳಿಗೆ ಅಷ್ಟು ಸಾಕಾಗಿತ್ತು. ಮೇಷ್ಟ್ರು ಸತ್ತದ್ದು ಕಟ್ಟೆಯ ಒಳಗೆ, ಕಾಲುವೆಯಲ್ಲಿ. ಯಾರೋ ಹೆಣವನ್ನು ಹೊತ್ತು ಕಟ್ಟೆ ದಾಟಿಸಿ ಕಡಲಿನ ತಲೆಗೆ ಕಟ್ಟಿದ್ದರು.

“ಓಬೆಡ್ ಮಾವ, ನಿಮ್ಮ ಅಳತೆಕೋಲು ಎಲ್ಲಿದೆ?”

“ಮನೆ ಸೂರಿನಡಿ. ಯಾಕೆ?”

“ಮಧ್ಯಾಹ್ನ ಕಟ್ಟೆನಡಿಗೆ ಅಲ್ವಾ? ತಗೊಂಡು ಬನ್ನಿ. ಎರಡೂ ತುದಿಯ ತಾಮ್ರ ಉಜ್ಜಿ, ಹೊಳೀಬೇಕು.”

*

ಡಾರ್ಕಸ್ ಕಡ್ಮೋರ್ ಇದ್ದದ್ದು ಒಂದು ಹಳೆಯ ರೈಲುಡಬ್ಬಿಯಲ್ಲಿ. ಮನೆಯನ್ನು ನೀರು ಕೊಂಡೊಯ್ದ ಮೇಲೆ ಗಾಲಿ ಕಳಚಿದ ಈ ಡಬ್ಬಿಯನ್ನು ತಂದು ಇಟ್ಟಿಗೆಯ ಮೇಲೆ ಕೂರಿಸಿಕೊಂಡಿದ್ದಳು. ಬಾಗಿಲ ಮೇಲೆ ‘ಧೂಮಪಾನ ಮಾಡಕೂಡದು’ ಎಂದು ಈಗಲೂ ಬರೆದಿತ್ತು.

ಅವಳು ಜೌಗಿನ ಉಪ್ಪುಸೊಪ್ಪನ್ನು ಸೋಸಿ ಹುಳಿನೀರಿನ ಜಾಡಿಗೆ ತುಂಬುತ್ತಿದ್ದಳು. ವಿನಿಫ್ರೆಡ್ ಬಂದದ್ದನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

“ಡಾರ್ಕಸಕ್ಕ, ಕಲ್ಲನ್ನ ಯಾರೋ ಸರಿಸಿದಾರೆ.”

“ಹೌದಾ.”

“ಹೌದಾ ಅಂದ್ರೆ? ಒಡೆದದ್ದು ನಿಮ್ಮ ಪಾಲಲ್ಲ. ಏಬಲ್ ಭಾವನ ಮೇಲೆ ಹೊರಿಸಿದ್ದೆಲ್ಲ ಸುಳ್ಳು. ಇವತ್ತು ಇಡೀ ಊರಿನ ಎದುರು ಅದನ್ನ ತೋರಿಸ್ತೀನಿ.”

ಏಬಲ್, ಡಾರ್ಕಸ್‌ಳ ಗಂಡ. ಕಟ್ಟೆ ಒಡೆದ ದಿನ ಸಲಿಕೆ ಹಿಡಿದು ಹೋದವನು ವಾಪಸಾಗಲಿಲ್ಲ. ಉಳಿದ ಆರು ಹೆಣಗಳನ್ನು ಕಡಲು ಒಂದೊಂದಾಗಿ ಮರಳಿಸಿತು, ಅವನದನ್ನು ಮಾತ್ರ ಇಟ್ಟುಕೊಂಡಿತು. ಚರ್ಚಿನ ಗೋಡೆಯ ಕಲ್ಲಿನಲ್ಲಿ ಅವನ ಹೆಸರು ಕೊನೆಯದು. ಅದನ್ನು ಸೇರಿಸುವುದೇ ಬೇಡ ಎಂದು ಊರು ಜಗಳ ತೆಗೆದಿತ್ತು.

“ಪಾಸ್ಕ್ ಮೇಷ್ಟ್ರೂ ಹೀಗೇ ಬಂದು ನಿಂತಿದ್ರು,” ಅಂದಳು ಡಾರ್ಕಸ್. “ಸಾಯೋದಕ್ಕೆ ಎರಡು ದಿನ ಮುಂಚೆ. ಮುಖ ಅರಳಿಸ್ಕೊಂಡು. ‘ಡಾರ್ಕಸ್, ನಿನ್ನ ಗಂಡನ ಹೆಸರು ತೊಳೆದುಕೊಡ್ತೀನಿ’ ಅಂತ. ಬೇಡ ಮೇಷ್ಟ್ರೇ ಅಂದೆ. ಮೇಷ್ಟ್ರುಗಳು ಯಾವತ್ತು ಬೇರೆಯವರ ಮಾತು ಕೇಳಿದಾರೆ?”

“ಯಾಕೆ ಬೇಡ ಅಂದ್ರಿ?”

“ಐದು ವರ್ಷ ಹೊತ್ತಿದೀನಿ. ಭುಜಕ್ಕೆ ಒಗ್ಗಿಹೋಗಿದೆ. ಈಗ ಇಳಿಸಿದ್ರೆ ನಡೆಯೋಕೇ ಬರಲ್ಲ.”

“ನಿಮ್ಮ ಮೊಟ್ಟೆ ಯಾರೂ ತಗೊಳ್ಳಲ್ಲ. ಚರ್ಚಿನಲ್ಲಿ ನಿಮ್ಮ ಬೆಂಚಲ್ಲಿ ಯಾರೂ ಕೂರಲ್ಲ. ಇದು ಒಗ್ಗೋ ಅಂಥದ್ದಾ?”

“ಕಾಲು ಚಾಚ್ಕೊಂಡು ಕೂರಬಹುದು,” ಅಂದಳು ಡಾರ್ಕಸ್, ಜಾಡಿಯ ಬಾಯಿಗೆ ಬಟ್ಟೆ ಬಿಗಿಯುತ್ತ. “ಪ್ರವಚನ ಉದ್ದ ಇರುತ್ತೆ, ನಿನಗೆ ಗೊತ್ತಲ್ಲ.”

ವಿನಿಫ್ರೆಡ್ ನಕ್ಕಳು. ಡಾರ್ಕಸ್ ನಗಲಿಲ್ಲ.

“ಬನ್ನಿ ಅಕ್ಕ ಇವತ್ತು. ಬಂದು ಸುಮ್ಮನೆ ನಿಂತ್ಕೊಳ್ಳಿ. ಮಿಕ್ಕಿದ್ದು ನಾನು ನೋಡ್ಕೋತೀನಿ.”

“ಪಾಲು ಒಡೆದವರು ಕಟ್ಟೆ ಮೇಲೆ ನಿಲ್ಲಬಾರದು ಅನ್ನೋದು ಮುನ್ನೂರು ವರ್ಷದ ಕಟ್ಟಲೆ.”

“ಆ ಕಟ್ಟಲೆ ಯಾರಿಗೆ ಅನ್ನೋದನ್ನೇ ಇವತ್ತು ಅಳೆಯೋದು.”

ಹೊರಗೆ ಬಂದ ವಿನಿಫ್ರೆಡ್ ಚೀಲದಿಂದ ಮೇಷ್ಟ್ರ ಹಸ್ತಪ್ರತಿಯನ್ನು ತೆಗೆದು ದಾರಿಯುದ್ದಕ್ಕೂ ಮತ್ತೊಮ್ಮೆ ಓದಿದಳು. ಓದುವುದಕ್ಕೆ ಸೊಗಸಾದ ಬರಹ. ಕಡಲನೀರು ಕುದಿಸಿ ಉಪ್ಪು ತೆಗೆಯುತ್ತಿದ್ದವರು ಬಿಟ್ಟುಹೋದ ಕೆಂಪುಮಣ್ಣಿನ ದಿಬ್ಬ, ಅದರ ಮೇಲೆ ಮೊದಲ ಮನೆ. ಜೌಗುಜ್ವರಕ್ಕೆ ಮೂರು ಮೂರು ಹೆಂಡಿರನ್ನು ಕಳಕೊಂಡ ಕುರುಬರು. ಕಡಲಾಚೆಯಿಂದ ಸಲಿಕೆ ಹೊತ್ತು ಬಂದು ಕಟ್ಟೆ ಕಟ್ಟಿಕೊಟ್ಟ ಡಚ್ಚರು. ಆಮೇಲೆ ಸಾವಿರದ ಏಳುನೂರ ಹನ್ನೆರಡರ ಕಟ್ಟೆಪಟ್ಟಿ, ಯಾವ ಮನೆಗೆ ಎಷ್ಟು ಕೋಲು ಎಂಬ ಲೆಕ್ಕ. ಆ ಮೂಲ ಪಟ್ಟಿಯನ್ನು ಮೇಷ್ಟ್ರು ಚರ್ಚಿನ ಪೆಟ್ಟಿಗೆಯಿಂದ ಹುಡುಕಿ ತೆಗೆದಿದ್ದರು. ಅವರು ಸತ್ತ ದಿನದಿಂದ ಅದು ಕಾಣೆ. ಹಸ್ತಪ್ರತಿಯಿಂದಲೂ ಆ ಹಾಳೆಯನ್ನು ಯಾರೋ ಹರಿದಿದ್ದರು.

ಆದರೆ ಹರಿದವನು ಹಿಂದಿನ ಹಾಳೆಯ ಅಂಚನ್ನು ನೋಡಿರಲಿಲ್ಲ. ಅಲ್ಲಿ ಪೆನ್ಸಿಲಿನಲ್ಲಿ ಒಂದು ಸಾಲಿತ್ತು: ‘ಹುಡುಗಿಯರು ಸರಿಯಾಗಿಯೇ ಹಾಡುತ್ತಾರೆ. ಕಲ್ಲೇ ಅಪಸ್ವರ.’

ನಾಲ್ಕು ದಿನ ಆ ಸಾಲು ವಿನಿಫ್ರೆಡ್‌ಳನ್ನು ಕಾಡಿತ್ತು. ನಿನ್ನೆ ಸಂಜೆ ಶಾಲೆಯ ಅಂಗಳದಲ್ಲಿ ಹಗ್ಗದಾಟ ಆಡುವ ಹುಡುಗಿಯರ ದನಿ ಕೇಳಿ, ರಸ್ತೆಯಲ್ಲೇ ನಿಂತು, ತಲೆ ಚಚ್ಚಿಕೊಂಡಿದ್ದಳು.

*

ಸೆಪ್ಟೆಂಬರಿನ ಕೊನೆಯ ಶನಿವಾರ, ಮಧ್ಯಾಹ್ನ. ಗಾಳಿ ಪೂರ್ವದಿಂದ. ಊರಿಗೆ ಊರೇ ಕಟ್ಟೆಯ ಮೇಲೆ. ಪ್ರತಿ ಮನೆಯವರೂ ಸಲಿಕೆ ಹಿಡಿದು ತಮ್ಮ ಪಾಲಿನ ಮೇಲೆ ನಿಲ್ಲುವುದು, ಕಟ್ಟೆಸಭೆಯ ಅಧ್ಯಕ್ಷ ತೂಬಿನಿಂದ ಕೊನೆಯವರೆಗೆ ನಡೆದು ನೋಡಿ ‘ಗಟ್ಟಿಯಿದೆ’ ಎನ್ನುವುದು, ಆಮೇಲೆ ಎಲ್ಲರಿಗೂ ಬ್ರೆಡ್ಡು, ಹೊಗೆಯಾಡಿಸಿದ ಹಾವುಮೀನು, ಬಿಯರು.

ಅಧ್ಯಕ್ಷ ಮೇಜರ್ ಸ್ಟಾನರ್ಡ್. ಗುಡ್ಡದ ಮೇಲಿನ ದೊಡ್ಮನೆಯ ಯಜಮಾನ. ಕಟ್ಟೆಯ ಕೊನೆಯ ಪಾಲು ಆತನದು. ಎತ್ತರದ ಆಳು, ನೆಟ್ಟಗಿನ ಬೆನ್ನು. ಯುದ್ಧದಲ್ಲಿ ಹೋದ ಎಡಗೈಯ ಖಾಲಿ ತೋಳನ್ನು ಪಿನ್ನು ಹಾಕಿ ಜೇಬಿಗೆ ಸಿಕ್ಕಿಸಿದ್ದ.

ತೂಬಿನ ಬಾಯಲ್ಲೇ ವಿನಿಫ್ರೆಡ್ ಆತನಿಗೆ ಅಡ್ಡ ನಿಂತಳು.

“ಮೇಜರ್, ಇವತ್ತು ನಡೆಯೋದಕ್ಕೆ ಮುಂಚೆ ಅಳೆಯೋಣ.”

“ಅಳೆಯೋದಕ್ಕೆ ಏನಿದೆ ಸಾರ್ಜೆಂಟ್? ಕಲ್ಲುಗಳಿವೆ.”

“ಕಲ್ಲುಗಳಿವೆ. ಒಂದರ ಕೆಳಗೆ ಇದೂ ಇತ್ತು.”

ಅವಳು ಮುಚ್ಚಳವನ್ನು ಎತ್ತಿ ಹಿಡಿದಳು. ಹತ್ತಿರ ನಿಂತವರು ಓದಿದರು, ಓದಿದವರು ಪಕ್ಕದವರಿಗೆ ಹೇಳಿದರು. ಮಾತು ಕಟ್ಟೆಯುದ್ದಕ್ಕೂ ಬೆಂಕಿಯಂತೆ ಓಡಿತು.

ಮೇಜರನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. “ಯಾವುದೋ ಮಗು ಆಟಕ್ಕೆ ಹೂತಿಟ್ಟಿರುತ್ತೆ. ಮೂಲ ಪಟ್ಟಿ ಇದ್ರೆ ತೋರ್ಸಿ. ಇಲ್ಲ ಅಂದ್ರೆ ದಾರಿ ಬಿಡಿ. ಹಾವುಮೀನು ಹಿಡಿಯೋ ಹ್ಯೂಸ್‌ನ ಮಗಳಿಗೆ ಕಟ್ಟೆ ಕಾನೂನು ಕಲಿಸೋ ಹೊತ್ತು ನನಗಿಲ್ಲ.”

“ಹಾವುಮೀನು ಹಿಡಿಯೋರಿಗೆ ಒಂದು ಅಭ್ಯಾಸ ಮೇಜರ್. ಜಾರುತ್ತೆ ಅಂತ ಗೊತ್ತಾದ್ರೆ ಕೈಗೆ ಮರಳು ಹಚ್ಕೋತಾರೆ.” ಅವಳು ಜನರತ್ತ ತಿರುಗಿದಳು. “ಪಟ್ಟಿ ನಮ್ಮೆಲ್ಲರ ಹತ್ರ ಇದೆ. ಕೆಜಾಯ ಚಿಕ್ಕಮ್ಮ, ಹಗ್ಗದಾಟದ ಹಾಡು ಹೇಳಿ.”

ಹ್ಯೂಸ್ ಪಾಲಿನ ಮೇಲೆ ಸಲಿಕೆಗೆ ಒರಗಿ ನಿಂತಿದ್ದ ಕೆಜಾಯ ಬಾಯಿ ತೆರೆದಳು. ವಿನಿಫ್ರೆಡ್‌ಳ ಚಿಕ್ಕಪ್ಪನ ಹೆಂಡತಿ. ಅರವತ್ತೆಂಟು ವರ್ಷದ, ಮೈತುಂಬಿದ ಹೆಂಗಸು.

“ಏನು, ಈ ವಯಸ್ಸಲ್ಲಿ ಹಗ್ಗ ಹಾರಲಾ?”

“ಹಾರಬೇಡಿ, ಕಟ್ಟೆ ಮತ್ತೆ ಒಡೆದೀತು. ಹಾಡಿ ಸಾಕು.”

ನಗೆ ಎದ್ದಿತು. ಕೆಜಾಯ ಬೈದುಕೊಂಡೇ ಶುರುಮಾಡಿದಳು. ಎರಡನೆಯ ಸಾಲಿಗೆ ಪಕ್ಕದ ಹೆಂಗಸರು ಸೇರಿದರು. ಈ ಊರಿನ ಹೆಣ್ಣುಮಕ್ಕಳೆಲ್ಲ ಕಾಲು ಬಂದ ದಿನದಿಂದ ಹಾಡಿದ್ದೇ ಅದು.

*ತೂಬಿನ ಬಾಯಿಗೆ ಬೆನ್ನನು ಕೊಟ್ಟು,*
*ಮಸೆಟ್ ಮೂವತ್ತು ಮಣ್ಣನು ಮೆಟ್ಟು,*
*ಹ್ಯೂಸಿಗೆ ಇಪ್ಪತ್ತು, ಹೆಚ್ಚಿಲ್ಲ ಒಂದು,*
*ಕಡ್ಮೋರ್ ನಲವತ್ತು ನಿಂತರು ಬಂದು.*
*ಮಿಕ್ಕಿದ್ದೆಲ್ಲಾ ದೊಡ್ಮನೆ ಪಾಲು,*
*ಮರೆತರೆ ಎಲ್ಲಾ ಕಡಲಿನ ಪಾಲು.*

ಕೊನೆಯ ಸಾಲಿಗೆ ಬರುವಷ್ಟರಲ್ಲಿ ಯಾರೂ ನಗುತ್ತಿರಲಿಲ್ಲ.

“ಮೂವತ್ತು, ಇಪ್ಪತ್ತು, ನಲವತ್ತು,” ಅಂದಳು ವಿನಿಫ್ರೆಡ್. “ಒಟ್ಟು ತೊಂಬತ್ತು ಕೋಲಿಗೆ ಕಡ್ಮೋರ್ ಪಾಲು ಮುಗೀಬೇಕು. ಇವತ್ತು ಕಲ್ಲು ಎಷ್ಟನೇ ಕೋಲಿನಲ್ಲಿದೆ, ಯಾರಾದ್ರೂ ಎಣಿಸಿದ್ದೀರಾ? ಪಾಸ್ಕ್ ಮೇಷ್ಟ್ರು ಎಣಿಸಿದ್ರು. ಅದಕ್ಕೇ ಸತ್ರು.”

“ಚಿಕ್ಕಂದಿನಿಂದ ಹಾಡ್ತಿದೀವಿ,” ಕೆಜಾಯ ಕೆನ್ನೆಗೆ ಕೈ ಹಚ್ಚಿದಳು. “ಒಬ್ಬರಿಗೂ ಹೊಳೀಲಿಲ್ಲವಲ್ಲೇ!”

“ಕಲ್ಲು ಹೇಳಿದ ಮೇಲೆ ಹಾಡನ್ನ ಯಾರು ಕೇಳ್ತಾರೆ ಚಿಕ್ಕಮ್ಮ? ಓಬೆಡ್ ಮಾವ, ಕೋಲು ಹಾಕಿ.”

ಓಬೆಡ್ ಕೋಲು ಹಾಕಿದ. ಅವನ ಮನೆತನದ ಹದಿನಾರೂವರೆ ಅಡಿಯ ಕೋಲು. ತಾಮ್ರದ ತುದಿ ನೆಲ ಮುಟ್ಟಿದಾಗಲೆಲ್ಲ ಊರು ಒಟ್ಟಾಗಿ ಎಣಿಸಿತು. ಮೂವತ್ತಕ್ಕೆ ಮಸೆಟ್ ಕಲ್ಲು ಸಿಕ್ಕಿತು, ಕೂದಲೆಳೆಯಷ್ಟೂ ಆಚೀಚೆಯಿಲ್ಲ. ಐವತ್ತಕ್ಕೆ ಹ್ಯೂಸ್ ಕಲ್ಲು. ಅಲ್ಲಿಂದ ಮುಂದೆ ಎಣಿಕೆಯ ದನಿ ಸಣ್ಣದಾಗುತ್ತ ಹೋಯಿತು.

ತೊಂಬತ್ತು. ಬರೀ ಹುಲ್ಲು.

“ಅಗೀರಿ,” ಅಂದಳು ವಿನಿಫ್ರೆಡ್.

ಓಬೆಡ್ ತಾನೇ ಅಗೆದ. ಒಂದು ಮೊಳ ಆಳಕ್ಕೆ ಸಲಿಕೆ ಕರಕರ ಎಂದಿತು. ಮಣ್ಣು ಸರಿಸಿದರೆ ಬೆಳ್ಳಗೆ ಹೊಳೆಯುವ ಸಿಂಪಿಚಿಪ್ಪು, ಗಾರೆಯಂತೆ ಬಿಗಿಯಾಗಿ ಬಡಿದು ಕೂರಿಸಿದ್ದು. ನಡುವೆ ಚೌಕನೆಯ ತಗ್ಗು, ಕಲ್ಲಿನ ಬುಡದಷ್ಟೇ ಅಗಲ. ಕಟ್ಟೆಯ ಎಲ್ಲ ಹಳೆಯ ಕಲ್ಲುಗಳೂ ಕೂತಿರುವುದು ಇಂಥದೇ ಚಿಪ್ಪಿನ ಹಾಸಿಗೆಯ ಮೇಲೆ. ಮುಚ್ಚಳ ಸಿಕ್ಕ ಗುಂಡಿಯಲ್ಲಿ ಒಂದು ಚಿಪ್ಪೂ ಇರಲಿಲ್ಲ.

ಈಗಿನ ಕಲ್ಲು ಇದ್ದದ್ದು ನೂರ ಹತ್ತನೆಯ ಕೋಲಿನಲ್ಲಿ. ಕಡಲು ಕಟ್ಟೆಯನ್ನು ಸೀಳಿದ್ದು ತೊಂಬತ್ತೇಳರಿಂದ ನೂರಾರರವರೆಗೆ. ಯಾರೂ ಅದನ್ನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಊರೆಲ್ಲ ಮೇಜರನ ಕಡೆ ತಿರುಗಿತ್ತು.

ಓಬೆಡ್ ಸಲಿಕೆ ಕೆಳಗಿಟ್ಟು, ಕಟ್ಟೆ ಇಳಿದು, ಕುರಿಗೇಟಿನ ಹತ್ತಿರ ಒಬ್ಬಳೇ ನಿಂತಿದ್ದ ಡಾರ್ಕಸ್‌ಳ ಎದುರು ಹೋದ. ಅವಳು ಯಾವಾಗ ಬಂದಳೋ ಯಾರೂ ಗಮನಿಸಿರಲಿಲ್ಲ.

“ಐದು ವರ್ಷ, ಡಾರ್ಕಸ್,” ಅಂದ ಮುದುಕ. “ನಿನ್ನನ್ನ ಕಂಡ್ರೆ ಉಗೀತಿದ್ದೆ. ಏನು ಹೇಳಲಿ ನಾನೀಗ?”

“ಆ ಗುಂಡಿ ಮುಚ್ಚಿಬಿಡು ಓಬೆಡ್,” ಅಂದಳು ಅವಳು. “ಮುಚ್ಚಿ ಎಲ್ರೂ ಮನೆಗೆ ಹೋಗಿ.”

ವಿನಿಫ್ರೆಡ್ ಅದನ್ನು ಕೇಳಿಸಿಕೊಂಡಳು. ಆದರೆ ಅವಳ ಕಣ್ಣು ಮೇಜರನ ಮೇಲೆ ನೆಟ್ಟಿತ್ತು.

“ನೀವೇ ಹೇಳ್ತೀರೋ, ನಾನು ಹೇಳಲೋ?”

ಮೇಜರ್ ಕಡಲಿನ ಕಡೆ ಒಮ್ಮೆ ನೋಡಿದ. ಮಾತಾಡಿದಾಗ ದನಿ ಉಡುಗಿರಲಿಲ್ಲ. ಸೈನ್ಯದಲ್ಲಿ ವರದಿ ಒಪ್ಪಿಸುವವನಂತೆ ಗಟ್ಟಿಯಾಗಿಯೇ ಇತ್ತು.

“ಬಾತುಬೇಟೆ ದೋಣಿ ಇಳಿಸೋದಕ್ಕೆ ನನ್ನ ಪಾಲಿನಲ್ಲಿ ಕಟ್ಟೆಯ ನೆತ್ತಿ ಎರಡಡಿ ತಗ್ಗಿಸಿದ್ದೆ. ಚಳಿಗಾಲ ಕಳೆದ ಮೇಲೆ ಏರಿಸೋಣ ಅಂದ್ಕೊಂಡೆ. ನೀರು ಅಲ್ಲೇ ನುಗ್ತು. ಜುಲೈ ತಿಂಗಳು, ಊರು ಖಾಲಿಯಿದ್ದಾಗ, ಕಲ್ಲನ್ನ ಸರಿಸಿದೆ.”

ಯಾರೋ ಹೆಂಗಸು ಬಿಕ್ಕಿದಳು. ಒಬ್ಬ ಗಂಡಸು ಸಲಿಕೆ ಎತ್ತಿ ಎರಡು ಹೆಜ್ಜೆ ಮುಂದೆ ಬಂದ. ವಿನಿಫ್ರೆಡ್ ಅವನತ್ತ ನೋಡದೆಯೇ ಕೈ ಚಾಚಿ ತಡೆದಳು.

“ಏಳು ಜನ, ಮೇಜರ್! ಸತ್ತವನ ತಲೆಗೆ ಕಟ್ಟಿ, ಅವನ ಹೆಂಡ್ತಿ ರೈಲುಡಬ್ಬಿಯಲ್ಲಿ ಕೊಳೆಯೋದನ್ನ ಐದು ವರ್ಷ ನೋಡಿದ್ರಾ?” ಕೆಜಾಯಳ ದನಿ ಗಾಳಿಯನ್ನೂ ಮೀರಿಸಿತು. “ಆ ಪಾಪದ ಮೇಷ್ಟ್ರನ್ನೂ ನೀವೇ ಕೊಂದ್ರಿ!”

“ಇಲ್ಲ,” ಅಂದ ಮೇಜರ್.

“ಇಲ್ಲ,” ಅಂದಳು ವಿನಿಫ್ರೆಡ್ ಕೂಡ, ಅದೇ ಉಸಿರಿನಲ್ಲಿ. ಜನ ತಬ್ಬಿಬ್ಬಾದರು. “ಮೇಷ್ಟ್ರು ಸತ್ತ ದಿನ, ಅದರ ಹಿಂದಿನ ದಿನ, ಮೇಜರ್ ಲಂಡನ್ನಿನ ಆಸ್ಪತ್ರೆಯಲ್ಲಿದ್ರು. ತೋಳಿನ ಹಳೇ ಗಾಯ ಕೊಯ್ಸಿಕೊಳ್ಳೋಕೆ. ನಾನು ಬುಧವಾರವೇ ಹೋಗಿ ದಾದಿಯರನ್ನ ಕೇಳಿ ಬಂದೆ.”

ಮೇಜರನ ಹುಬ್ಬು ಮೊದಲ ಸಲ ಮೇಲೇರಿತು. “ಗೊತ್ತಿದ್ದೂ ನನ್ನನ್ನ ಇಲ್ಲಿ ನಿಲ್ಸಿದ್ರಾ?”

“ಕಲ್ಲು ಸರಿಸಿದ್ದು ನೀವು ಅನ್ನೋದು ಬೆಳಿಗ್ಗೆಯೇ ಖಾತ್ರಿಯಾಗಿತ್ತು. ನನಗೆ ಬೇಕಾದ್ದು ಅದಲ್ಲ.” ವಿನಿಫ್ರೆಡ್ ಆತನ ಹತ್ತಿರ ಬಂದು, ಜೇಬಿಗೆ ಸಿಕ್ಕಿಸಿದ್ದ ಖಾಲಿ ತೋಳನ್ನು ಕಣ್ಣಿನಿಂದ ತೋರಿಸಿದಳು. “ಬೆಳಿಗ್ಗೆ ಆ ಕಲ್ಲನ್ನ ಮಗ್ಗುಲಿಗೆ ಕೆಡವೋದಕ್ಕೇ ನನ್ನ ಸೊಂಟ ಬಿದ್ದುಹೋಯ್ತು. ಅದನ್ನ ಚಿಪ್ಪಿನಿಂದ ಕಿತ್ತು, ಕೆಸರುಬಂಡಿಗೆ ಏರ್ಸಿ, ಇಪ್ಪತ್ತು ಕೋಲು ಎಳೆದು, ಮತ್ತೆ ನೆಟ್ಟಗೆ ನಿಲ್ಸೋದು ಒಂದು ಕೈಯವರ ಕೆಲಸ ಅಲ್ಲ. ಇನ್ನೊಂದು ತುದಿ ಹಿಡಿದವನು ಒಬ್ಬ ಇದ್ದ. ಹೆಣ ಹೊತ್ತು ಕಟ್ಟೆ ಹತ್ತೋ ಅಷ್ಟು ಕಸುವಿರೋನು. ಮೇಷ್ಟ್ರು ಸತ್ಯಕ್ಕೆ ಹತ್ರ ಬಂದಾಗ ನೀವು ಊರಲ್ಲಿರಲಿಲ್ಲ, ಅವನಿದ್ದ. ಅವನ ಹೆಸರು ಹೇಳಿ.”

“ಹೇಳಿದ್ರೆ ಯಾರೂ ನಂಬಲ್ಲ.”

“ನಂಬೋದು ನನ್ನ ಕೆಲಸ.”

“ದುಡಿಯೋ ಆಳುಗಳು ಯಾರೂ ಊರಲ್ಲಿರಲಿಲ್ಲ,” ಅಂದ ಮೇಜರ್. “ಅವನಾಗೇ ಬಂದ. ನಾನು ಕರೀಲಿಲ್ಲ. ಕಲ್ಲು ಸರಿಸೋ ಯೋಚನೆ ನನ್ನದೂ ಅಲ್ಲ ಸಾರ್ಜೆಂಟ್, ಅವನದೇ. ‘ತಪ್ಪು ನನ್ನ ಮೇಲಿರಲಿ, ನನಗೆ ಅದರಿಂದ ಉಪಯೋಗ ಇದೆ’ ಅಂದ. ಯಾಕೆ ಅಂತ ಕೇಳೋ ಸ್ಥಿತೀಲಿ ನಾನಿರಲಿಲ್ಲ. ಒಪ್ಕೊಂಡೆ.”

“ಹೆಸರು, ಮೇಜರ್.”

“ಏಬಲ್ ಕಡ್ಮೋರ್.”

ಕಟ್ಟೆಯೇ ಬಾಯಿ ತೆರೆದಂತೆ ಊರು ಕೂಗಿಕೊಂಡಿತು. ಸುಳ್ಳು ಅಂದರು. ಸತ್ತವನ ಮೇಲೆ ಎರಡನೆಯ ಸಲ ತಪ್ಪು ಹೊರಿಸುತ್ತಾನೆ ಅಂದರು. ಚರ್ಚಿನ ಗೋಡೆಯಲ್ಲಿ ಹೆಸರಿದೆ, ಪಾದ್ರಿ ಪ್ರಾರ್ಥನೆ ಮಾಡಿದ್ದಾರೆ, ನಾವೆಲ್ಲ ನಿಂತಿದ್ದೆವು ಅಂದರು. ಕೆಜಾಯ ಸಲಿಕೆಯನ್ನು ಕೆಸರಿಗೆ ಎಸೆದು ಮೇಜರನ ಏಳು ತಲೆಮಾರನ್ನು ಎತ್ತಿ ಬೈದಳು.

ವಿನಿಫ್ರೆಡ್ ಮಾತ್ರ ಕೂಗಲಿಲ್ಲ. ಏಬಲ್ ಕಡಲಿಗೆ ಹೋದದ್ದು ಜನವರಿಯಲ್ಲಿ. ಕಲ್ಲು ಸರಿದದ್ದು ಜುಲೈಯಲ್ಲಿ. ಇವತ್ತು ಬೆಳಗಿನಿಂದ ಒಂದೊಂದೇ ಹೆಜ್ಜೆ ಗಟ್ಟಿ ನೆಲದ ಮೇಲಿಟ್ಟು ಬಂದವಳಿಗೆ ಈಗ ಕಾಲಡಿಯ ಮಣ್ಣು ಮೆತ್ತಗಾಯಿತು. ಮೇಜರ್ ಸುಳ್ಳು ಹೇಳುತ್ತಿದ್ದಾನೆ ಎಂದುಕೊಳ್ಳಲು ಅವಳು ಪ್ರಯತ್ನಪಟ್ಟಳು. ಆತನ ಮುಖ ಅದಕ್ಕೆ ಎಡೆ ಕೊಡಲಿಲ್ಲ.

ಅವಳು ತಿರುಗಿ ಕುರಿಗೇಟಿನತ್ತ ನೋಡಿದಳು.

ಡಾರ್ಕಸ್ ಅಲ್ಲಿರಲಿಲ್ಲ. ಕಟ್ಟೆ ಹತ್ತಿ ಬರುತ್ತಿದ್ದಳು. ಐದು ವರ್ಷದಿಂದ ಕಾಲಿಡದ ಮಣ್ಣಿನ ಮೇಲೆ ಜನರ ನಡುವೆ ನೇರವಾಗಿ ನಡೆದು ಬಂದಳು. ಒಬ್ಬೊಬ್ಬರೇ ಸುಮ್ಮನಾಗಿ ದಾರಿ ಬಿಟ್ಟರು. ಅವಳ ಮುಖದಲ್ಲಿ ಬೆಚ್ಚಿದ ಗುರುತಿರಲಿಲ್ಲ, ಅಳುವಿರಲಿಲ್ಲ. ಇದ್ದದ್ದು ಸಿಟ್ಟು. ಅದೂ ಊರಿನ ಮೇಲಲ್ಲ.

ಮೇಜರನ ಎದುರು ನಿಂತು ಅವಳು ದನಿ ಎತ್ತದೆ ಹೇಳಿದಳು:

“ಮಾತು ಕೊಟ್ಟಿದ್ರಿ ನೀವು. ಅವನು ನಿಜವಾಗ್ಲೂ ಸಾಯೋವರೆಗೆ ಬಾಯಿ ಬಿಡಲ್ಲ ಅಂತ ನನಗೆ ಮಾತು ಕೊಟ್ಟಿದ್ರಿ.”